ಇಲಿಗಳಿಗೆ ಮಾತ್ರ ಕೊಟ್ಟ ರಾಗಿ

ಮಹತಿ ಹೆಬ್ಬಾಳದ ಒಂದು ಪ್ರಯೋಗಾಲಯದಲ್ಲಿ ಬೇಯಿಸಿದ ರಾಗಿಯ ಮೇಲೆ ಔಷಧೀಯ ಅಣಬೆ ಬೆಳೆಸುತ್ತಿದ್ದಳು. ಅಣಬೆಯ ಬಿಳಿ ಎಳೆಗಳು ಕಾಳನ್ನೆಲ್ಲ ಹೆಣೆದುಕೊಂಡು ಹುದುಗು ಬಂದ ಮೇಲೆ ಅದರ ಸಾರ ತೆಗೆದು, ಗಾಜಿನ ತಟ್ಟೆಯಲ್ಲಿದ್ದ ಕ್ಯಾನ್ಸರ್ ಕೋಶಗಳಿಗೆ ಹಾಕಿ ನೋಡುವುದು ಅವಳ ಕೆಲಸ. ಕೋಶಗಳ ಬೆಳವಣಿಗೆ ಸ್ವಲ್ಪ ನಿಧಾನವಾಯಿತು. ಪತ್ರಿಕೆಯೊಂದು ಅದನ್ನು ಕ್ಯಾನ್ಸರ್ ತಡೆಯುವ ರಾಗಿ ಎಂದು ಬರೆಯಿತು.

ಸಂಜಯನಗರದಲ್ಲಿದ್ದ ಅವಳ ಅಕ್ಕ ಗೋದಾಗೆ ಆಗ ಕೀಮೋ ನಡೆಯುತ್ತಿತ್ತು. ಭಾವ ವಿಜಯ್ ಕುಮಾರ್ ಫೋನ್ ಮಾಡಿದರು.

"ಪೇಪರ್‌ನಲ್ಲಿ ನೋಡ್ದೆ. ಸ್ವಲ್ಪ ತಂದ್ಕೊಡಮ್ಮ."

"ಇನ್ನೂ ಇಲಿಗೂ ಕೊಟ್ಟು ನೋಡಿಲ್ಲ ಭಾವ. ಅಕ್ಕಂಗೆ ಈಗ ಶಕ್ತಿ ಇಲ್ಲ, ಅಣಬೆ ಬೆಳೆದ ರಾಗಿ ತಿಂದು ಇನ್‌ಫೆಕ್ಷನ್ ಆದ್ರೆ ಕಷ್ಟ."

"ನಿಮ್ಮಕ್ಕ ಕಣಮ್ಮ ಅವಳು."

ಫೋನಿಟ್ಟು ಮಹತಿ ಡಬ್ಬಿ ತೆರೆದು ಊಟ ಮಾಡಿದಳು. ಅಳು ಬರಲಿಲ್ಲ.

ಭಾನುವಾರ ಅವಳು ಹೋದಾಗ ಗೋದಾ ತಲೆಗೆ ಬಟ್ಟೆ ಕಟ್ಟಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು.

"ಸೊಗಡಿನ ವಾಸ್ನೆನೇ ತಿಳೀತಿಲ್ಲ ಕಣೆ," ಎಂದಳು. ಆಮೇಲೆ ಕೇಳಿದಳು, "ಆ ರಾಗಿ ನಂಗೆ ಕೆಲ್ಸ ಮಾಡುತ್ತಾ?"

"ಗೊತ್ತಿಲ್ಲಕ್ಕ. ಮಾಡಿದ್ರೂ ಬರದಂಗೆ ತಡಿಯೋಕೆ ಇರ್ಬಹುದು. ಬಂದಿದ್ದನ್ನ ವಾಸಿ ಮಾಡುತ್ತೆ ಅಂತ ನಾವ್ಯಾರೂ ಹೇಳಿಲ್ಲ."

"ಸರಿ. ಎಲ್ಲಾರೂ ವಾಸಿಯಾಗುತ್ತೆ ವಾಸಿಯಾಗುತ್ತೆ ಅಂತಾರೆ, ಕೇಳಿ ಸಾಕಾಗಿದೆ. ನೀನಾದ್ರೂ ಹೇಳ್ಬೇಡ. ಬಾ, ಸುಲಿ."

ಕತ್ತಲಾಗುವವರೆಗೆ ಇಬ್ಬರೂ ಸುಲಿದರು.

ಬೇಸಿಗೆಯಿಡೀ ಚಿಕಿತ್ಸೆ ನಡೆಯಿತು. ಆಷಾಢದಲ್ಲಿ ರೋಗ ಲಿವರ್‌ಗೆ ಹಬ್ಬಿ ಗೋದಾ ತೀರಿಕೊಂಡಳು. ವೈಕುಂಠ ಸಮಾರಾಧನೆಯ ದಿನ, ಬಂದವರೆಲ್ಲ ಹೋದ ಮೇಲೆ, ವಿಜಯ್ ಕುಮಾರ್ ಎಲೆಗಳನ್ನು ಮಡಚುತ್ತ ಹೇಳಿದರು.

"ಒಂದ್ಸಲ ಕೊಟ್ಟು ನೋಡಿದ್ರೆ ಏನಾಗ್ತಿತ್ತೋ."

"ಗೊತ್ತಿಲ್ಲ ಭಾವ."

ಅದು ನಿಜವಾಗಿತ್ತು. ಅವರು ತಲೆಯಾಡಿಸಿದರು. ಮಹತಿ ಪೊರಕೆ ತೆಗೆದುಕೊಂಡು ನೆಲ ಗುಡಿಸಿದಳು. ಕೈ ತನ್ನ ಪಾಡಿಗೆ ತಾನು ಗುಡಿಸುತ್ತಿತ್ತು.

ಚಳಿಗಾಲದಲ್ಲಿ ಇಲಿಗಳ ಫಲಿತಾಂಶ ಬಂತು. ಹುದುಗಿನ ರಾಗಿ ತಿಂದ ಇಲಿಗಳಲ್ಲಿ ಗಡ್ಡೆಗಳು ಕಡಿಮೆ. ಲ್ಯಾಬಿನವರು ಕೈ ಕುಲುಕಿದರು, ಯಾರೋ ಮೈಸೂರು ಪಾಕ್ ತರಿಸಿದರು. ಮಹತಿ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಸಿಹಿ ಎಂಬುದು ಗೊತ್ತಾಯಿತು, ಅಷ್ಟೆ.

ಬೇರೆಯವರಿಂದ ತಿಳಿಯುವ ಮೊದಲು ತಾನೇ ಹೇಳಬೇಕೆಂದು ಹೊರಗೆ ಬಂದು ಭಾವನಿಗೆ ಫೋನ್ ಮಾಡಿದಳು.

"ಅಂದ್ರೆ..." ಎಂದು ಅವರು ನಿಲ್ಲಿಸಿದರು.

"ರೋಗ ಬರೋಕ್ ಮುಂಚಿಂದ ತಿಂದಿದ್ ಇಲಿಗಳು ಭಾವ. ಬಂದಿರೋವ್ಕೆ ಕೊಟ್ಟಿಲ್ಲ."

ರಿಂಗ್ ರೋಡಿನಲ್ಲಿ ಬಸ್ಸುಗಳು ಹೋಗುತ್ತಿದ್ದವು.

"ಊಟ ಆಯ್ತಾಮ್ಮ?" ಎಂದು ಭಾವ ಕೇಳಿದರು.

"ಇಲ್ಲ ಭಾವ."

"ಮನೆಗ್ ಬಾ. ಅನ್ನ ಸಾರು ಮಾಡಿದ್ದೀನಿ."

ಮಹತಿ ಒಳಗೆ ಹೋಗಿ ಬ್ಯಾಗು ತೆಗೆದುಕೊಂಡಳು.