ಹಳೇಬೀಡಿನ ಕೆರೆಗೆ ಬಂದ ಕಡಲಹಕ್ಕಿ

ಈ ಕಥೆಯನ್ನು ಹಕ್ಕಿಯಿಂದ ಶುರು ಮಾಡಲೋ, ಜಗಳದಿಂದಲೋ? ಹಕ್ಕಿಯಿಂದ ಶುರುವಾಗುವ ಡ್ರಾಫ್ಟ್ ಒಂದಿತ್ತು. ‘ಅನಂತ ನೀಲಿಯಲ್ಲಿ ರೆಕ್ಕೆ ಬಿಚ್ಚಿ...’ ಎಂಬುದು ಅದರ ಮೊದಲ ಸಾಲು. (ನಕ್ಕಿರಾ? ನಗಿ. ಅಳಿಸಿದ್ದೇನೆ.) ಜಗಳದಿಂದಲೇ ಶುರು ಮಾಡೋಣ, ಅದರಲ್ಲಿ ನನಗೆ ಅನುಭವ ಜಾಸ್ತಿ.

೧

ಹೇಮಲತಾ ಅರಸೀಕೆರೆಯವಳು, ಮನೆಯವರದು ಕೊಬ್ಬರಿ ಮಂಡಿ. ಮಾಲಿನಿ ಬೇಲೂರಿನ ಒಂದು ಬ್ಯಾಂಕಿನಲ್ಲಿ ಆಫೀಸರ್. ಹಾರುವ ಹಕ್ಕಿಯ ಫೋಟೊ ತೆಗೆಯುವುದು ಇಬ್ಬರಿಗೂ ಹುಚ್ಚು. ವರ್ಷಗಟ್ಟಲೆ ಜೊತೆಯಲ್ಲೇ ಕೆರೆ ಸುತ್ತಿದವರು ಹೋದ ಮಳೆಗಾಲದಿಂದ ಮಾತು ಬಿಟ್ಟಿದ್ದಾರೆ. ಮಾಲಿನಿ ಹಕ್ಕಿ ಗ್ರೂಪಿಗೆ ಹಾಕಿದ ಫೋಟೊದ ಕೆಳಗೆ ಹೇಮಲತಾ, ಎಲ್ಲರೆದುರಿಗೆ, ‘ಹೆಸರು ತಪ್ಪು’ ಎಂದು ಬರೆದಳು. (ತಪ್ಪೇ ಆಗಿತ್ತು. ಕಷ್ಟ ಇರುವುದೇ ಅಲ್ಲಿ.)

೨

ಈಗ ಹಕ್ಕಿ. ಅರಬ್ಬೀ ಸಮುದ್ರದ ಬಿರುಗಾಳಿ ಒಂದು ರೀವವನ್ನು, ಅಂದರೆ ಟರ್ನ್ ಎಂಬ ಕಡಲಹಕ್ಕಿಯನ್ನು, ಘಟ್ಟ ಹತ್ತಿಸಿ ಹಳೇಬೀಡಿನ ಕೆರೆಗೆ ತಂದು ಹಾಕಿದೆ. ಬೆನ್ನು ಕಪ್ಪು, ಹೊಟ್ಟೆ ಬಿಳಿ. ಸೂಟಿ ಟರ್ನ್ ಇರಬಹುದು, ಬ್ರೈಡಲ್ಡ್ ಟರ್ನ್ ಇರಬಹುದು. ಅಣ್ಣತಮ್ಮಂದಿರ ಹಾಗೆ ಇರುತ್ತವೆ. ಬೆನ್ನಿನ ಬಣ್ಣ ನಂಬುವ ಹಾಗಿಲ್ಲ, ಬೆಳಕು ಬದಲಾದರೆ ಬ್ರೈಡಲ್ಡಿನ ಕಂದು ಕೂಡ ಕಪ್ಪಾಗುತ್ತದೆ. ನೋಡಬೇಕಾದದ್ದು ಹಣೆಯ ಬಿಳಿ. ಅದು ಕಣ್ಣಿನ ಹತ್ತಿರ ನಿಂತರೆ ಸೂಟಿ, ಹುಬ್ಬಿನಂತೆ ಸಣ್ಣಗೆ ಕಣ್ಣು ದಾಟಿ ಹಿಂದಕ್ಕೆ ಹೋದರೆ ಬ್ರೈಡಲ್ಡ್. ಅಂದರೆ ಮುಖ ಬೇಕು. ಗಾಳಿ ನಿಂತರೆ ಹಕ್ಕಿ ವಾಪಸ್ ಹೊರಟುಬಿಡುತ್ತದೆ.

೩

ಬೆಳಿಗ್ಗೆ ಇಬ್ಬರೂ ಬಂದಿದ್ದಾರೆ. ಇಬ್ಬರೂ ಪೂರ್ವದ ದಡದಲ್ಲೇ ನಿಂತಿದ್ದಾರೆ, ಯಾಕೆಂದರೆ ಬಿಸಿಲು ಬೆನ್ನಿಗಿದ್ದರೆ ಫೋಟೊ ಚೆನ್ನ. ಆದರೆ ಗಾಳಿ ಪಶ್ಚಿಮದ್ದು. ರೀವ ಗಾಳಿಗೆ ಎದುರಾಗಿ ಹಾರುತ್ತದೆ. ಹಾಗಾಗಿ ಇಬ್ಬರಿಗೂ ಸಿಗುತ್ತಿರುವುದು ಬಾಲ.

ಮೊದಲಾಗಿದ್ದರೆ ಒಬ್ಬಳು ಆಚೆ ದಡಕ್ಕೆ ಹೋಗಿ ಎದ್ದು ನಿಲ್ಲುತ್ತಿದ್ದಳು. ಹಕ್ಕಿ ಅವಳನ್ನು ಕಂಡು ತಿರುಗಿ ಈಚೆ ಬರುತ್ತಿತ್ತು, ಮುಖ ತೋರಿಸುತ್ತಾ, ಒಳ್ಳೆಯ ಬೆಳಕಿನಲ್ಲಿ. ಆಚೆ ಹೋದವಳಿಗೆ ಬಿಸಿಲಿಗೆದುರಾಗಿ ಬರೀ ಕರೀ ನೆರಳು. ಅದಕ್ಕೇ ಸರದಿ ಇಟ್ಟುಕೊಂಡಿದ್ದರು. ಜಗಳದಲ್ಲಿ ಈಗ ಸರದಿ ಯಾರದೆಂಬುದೇ ಮರೆತುಹೋಗಿದೆ.

೪

“ಮಾಲಿನಿ, ನೀವು ಹೋಗಿ,” ಎಂದು ಬರೆದೆ.

“ನಾನ್ಯಾಕ್ರೀ? ಎಲ್ಲರೆದುರಿಗೆ ಮಾನ ಕಳೆದವಳು ಅವಳು.”

“ಹೇಮಲತಾ?”

“ತಪ್ಪನ್ನ ತಪ್ಪು ಅನ್ನಬಾರ್ದಾ? ಹೋಗಲ್ಲ ಕಣ್ರೀ.”

“ಸರಿ, ಹಕ್ಕಿಯನ್ನೇ ಈ ಕಡೆ ತಿರುಗಿಸುತ್ತೇನೆ. ಕಥೆ ನನ್ನದು.”

“ನೀವು ತಿರುಗಿಸಿದ ಹಕ್ಕಿ ನಂಗ್ಯಾಕೆ?” ಎಂದಳು ಹೇಮಲತಾ. “ತಾನಾಗಿ ತಿರುಗ್ಬೇಕು.”

ಇಂಥವರನ್ನು ಕಟ್ಟಿಕೊಂಡು ಕಥೆ ಬರೆಯಬೇಕು ನಾನು.

೫

ರೆಡಿಮೇಡ್ ಅಂತ್ಯಗಳು ಇವೆ.

ಅ) ಗಾಳಿ ನಿಂತಿತು, ಹಕ್ಕಿ ಹೋಯಿತು, ಇಬ್ಬರೂ ಬಾಲದ ಫೋಟೊ ಹಿಡಿದು ಬೇರೆ ಬೇರೆ ಬಸ್ ಹತ್ತಿದರು. (ವಿಮರ್ಶಕರಿಗೆ ಇಷ್ಟವಾಗುತ್ತದೆ. ನನಗೆ ಹೊಟ್ಟೆ ಉರಿಯುತ್ತದೆ.)

ಆ) ಅಪ್ಪಿಕೊಂಡು ಅತ್ತರು. (ಹೇಮಲತಾ ನನ್ನನ್ನು ಕೆರೆಗೆ ತಳ್ಳುತ್ತಾಳೆ.)

ಇ) ಬರೆಯುವಷ್ಟರಲ್ಲಿ ನೋಡುತ್ತೇನೆ, ಹೇಮಲತಾ ಇಲ್ಲ. ಟ್ರೈಪಾಡ್ ಇಲ್ಲೇ ಇದೆ. ಅವಳು ಸೀರೆ ಎತ್ತಿ ಕಟ್ಟಿ ಕೆರೆಯ ಏರಿ ಮೇಲೆ ಬಿರಬಿರನೆ ನಡೆಯುತ್ತಿದ್ದಾಳೆ, ಆಚೆ ದಡದ ಕಡೆಗೆ. ನಾನು ಹೇಳಿಲ್ಲ, ದೇವರಾಣೆ.

೬

ಮಾಲಿನಿಯ ಫೋನ್ ಬಡಿದುಕೊಂಡಿತು. ಹೇಮಲತಾ, ಒಂದು ವರ್ಷದ ಮೇಲೆ.

“ಬತ್ತಾ ಐತೆ ನಿನ್ ಕಡೆ! ಕಣ್ಣಿನ ಮೇಲೆ ಫೋಕಸ್ ಇಡು. ಹೊಟ್ಟೆ ಬಿಳೀದು, ಎಕ್ಸ್‌ಪೋಶರ್ ಇಳಿಸು.”

“ಗೊತ್ತು ಕಣೇ!”

ಹಕ್ಕಿ ತಾನಾಗಿ ತಿರುಗಿತು. ತಲೆ ಎತ್ತಿ, ನೇರ, ಇತ್ತಲೇ. ಕ್ಯಾಮರಾ ಪಟಪಟ ಎಂದಿತು. ಮಾಲಿನಿ ಸ್ಕ್ರೀನ್ ದೊಡ್ಡದು ಮಾಡಿ ನೋಡಿದಳು. ಅವಳ ಮುಖ ಅರಳಿತು. ನನಗೂ ಎದೆ ತುಂಬಿ ಬಂತು, ಸುಳ್ಳೇಕೆ.

“ಬಿಳಿ ಕಣ್ಣು ದಾಟೈತಾ? ಹೇಳೇ!” ಫೋನ್ ಕೂಗುತ್ತಿತ್ತು.

“ಫೋನಲ್ಲಿ ಹೇಳಲ್ಲ. ಬಂದು ನೋಡು.”

“ಅಷ್ಟು ದೂರ ತಿರ್ಗಾ ಸುತ್ತಾಕ್ಕೊಂಡ್ ಬರ್ಬೇಕಲ್ಲೇ!”

“ಬಾ. ಇಲ್ಲೇ ಇರ್ತೀನಿ.”

“ಬತ್ತೀನಿ, ತಡಿ,” ಎಂದು ಫೋನ್ ಇಟ್ಟಳು.

ಓದುಗರೇ, ನಿಮಗಾಗಿ ಇಣುಕಲು ಹೋದೆ. ಸೂಟಿಯೋ, ಬ್ರೈಡಲ್ಡೋ, ಅಷ್ಟಾದರೂ ಹೇಳೋಣ ಎಂದು. ಮಾಲಿನಿ ಸ್ಕ್ರೀನಿನ ಮೇಲೆ ಅಂಗೈ ಮುಚ್ಚಿದಳು.

“ಮೊದಲು ಅವಳು ನೋಡಲಿ,” ಎಂದಳು.