ಬಸ್ತ್ಯಾಂವನ ಬಾಯಿ

ಇನಾಸ ಮತ್ತೊಮ್ಮೆ ಬಟ್ಟೆಯ ಪಟ್ಟಿಯನ್ನು ಹೆಣದ ಗದ್ದದಡಿಯಿಂದ ಎಳೆದು ನೆತ್ತಿಯ ಮೇಲೆ ಗಂಟು ಹಾಕಿದ. ಕೈ ತೆಗೆಯುವುದರೊಳಗೆ ಗಂಟು ಸಡಿಲಿ, ಬಸ್ತ್ಯಾಂವನ ಬಾಯಿ ಮೆಲ್ಲಗೆ ತೆರೆದುಕೊಂಡಿತು.

"ಬೆಳಗಿಂದ ಇದೇ ಕತೆ," ಎಂದಳು ಸತ್ತವನ ಹೆಂಡತಿ ನತಾಲಿನ. "ಪಾದ್ರಿಯವ್ರು ಬರೋದ್ರೊಳಗೆ ಮುಚ್ಚಿಸಿ, ಇನಾಸಣ್ಣ. ಹೀಂಗೇ ಪೆಟ್ಟಿಗೇಲಿ ಇಡೂದು ಹೆಂಗೆ?"

ಕಾಸರಕೋಡಿನ ಆ ಮನೆಯ ಅಂಗಳದಲ್ಲಿ ಜನ ತುಂಬಿದ್ದರು. ಪಕ್ಕದ ಮನೆಯ ಮಾದೇವಿ ಒಳಗೆ ಬರಲು ಹೆದರಿ, ಬಾಗಿಲಲ್ಲೇ ನಿಂತು ಹೆಣವನ್ನು ದಿಟ್ಟಿಸಿದಳು.

"ಎಂತದೋ ಆಸೆ ಉಳ್ದದೆ, ನತಾಲಿನಕ್ಕ. ಹೀಂಗಾದ್ರೆ ನಮ್ಮಲ್ಲಿ, ಸತ್ತವ್ರಿಗೆ ಇಷ್ಟ ಇದ್ದದ್ದು ಒಂದು ಹನಿ ಬಾಯಿಗೆ ಬಿಡ್ತಾರೆ. ಚಾ ಆದ್ರೆ ಚಾ."

"ನಮ್ಮಲ್ಲಿ ಅದೆಲ್ಲ ಇಲ್ಲ, ಮಾದೇವಿ," ಎಂದು ನತಾಲಿನ ಅವಳನ್ನು ಕರೆದುಕೊಂಡು ಹೊರಗೆ ಹೋದಳು.

ಇನಾಸ ಮಾದೇವಿಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಸತ್ತವನಿಗೆ ಏನು ಇಷ್ಟವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಒಂದೇ ದೋಣಿಯಲ್ಲಿ ಮೀನು ಹಿಡಿದು, ಒಂದೇ ಬಾಟಲಿಯಲ್ಲಿ ಕುಡಿದವರು. ಆಮೇಲೆ ಬಸ್ತ್ಯಾಂವ ಕುಡಿತ ಬಿಟ್ಟ, ಇನಾಸ ಬಿಡಲಿಲ್ಲ. ಬಿಟ್ಟದ್ದು ಬರೀ ಸೋಗು ಎಂದು ಇಷ್ಟು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದ. ಅದು ಸೋಗಲ್ಲವಾದರೆ ಕುಡಿಯುವುದಕ್ಕೆ ತನಗೆ ನೆಪವೆಲ್ಲಿ ಉಳಿಯಿತು?

ಗುಂಡಿ ತೋಡುವವರಿಗೆಂದು ತಂದ ಫೆನಿ ಬಾಟಲಿ ಅವನ ಸೊಂಟದಲ್ಲೇ ಇತ್ತು.

*

ಬಸ್ತ್ಯಾಂವ ಕುಡಿತ ಬಿಟ್ಟ ಹೊಸತು. ಇಬ್ಬರೂ ಯಾರದೋ ಗುಂಡಿ ತೋಡಲು ಹೋಗಿದ್ದರು. ಕಡಲ ಬದಿಯ ಮರಳು, ತೋಡಿದಷ್ಟೂ ಕುಸಿಯುತ್ತದೆ. ಗುಂಡಿಗಿಳಿಯುವ ಮೊದಲು ಒಬ್ಬೊಬ್ಬರಿಗೆ ಒಂದು ಗ್ಲಾಸು ಕೊಡುವುದು ಅಲ್ಲಿನ ರೂಢಿ. ಬಸ್ತ್ಯಾಂವ ತನ್ನ ಗ್ಲಾಸು ಹಿಡಿದು ನಿಂತ. ಬಾಯಿಯ ತನಕ ತಂದು, ಇಳಿಸುವಾಗ ಅರ್ಧ ಚೆಲ್ಲಿತು. ಉಳಿದದ್ದನ್ನು ಇನಾಸನಿಗೆ ಕೊಟ್ಟ.

"ದೊಡ್ಡ ಸಂತ ಆಗ್ಬಿಟ್ಯಲ್ಲೋ!"

"ಸಂತರಿಗೆ ಬಾಯಲ್ಲಿ ನೀರು ಬರ್ತದನಾ? ನಂಗೆ ಬರ್ತದೆ, ಮಾರಾಯ. ಹಲ್ಲು ಕಚ್ಚಿ ನಿಲ್ತೆ, ಉಳ್ದದ್ದು ಯೇಸು ನೋಡ್ಕಳ್ತಾನೆ. ದಿನಾ ಅದ್ನೇ ಬೇಡಿ ಬೇಡಿ ಅವನಿಗೂ ಸಾಕಾಗಿರ್ಬೇಕು."

ಮನುಷ್ಯ ಒಂದೇ ದಿನಕ್ಕೆ ಬದಲಾಗಲಿಲ್ಲ. ಮೊದಲು ಹೆಂಡತಿಯ ಮೇಲೆ ಕೈಯೆತ್ತುವುದು ನಿಂತಿತು. ಬೈದವರಿಗೆ ತಿರುಗಿ ಬೈಯದಿರಲು ಮತ್ತೂ ಎಷ್ಟೋ ಕಾಲ ಹಿಡಿಯಿತು. ಇನಾಸ ಅಮಲಿನಲ್ಲಿ ದಾರಿಯಲ್ಲಿ ಬಿದ್ದಾಗಲೆಲ್ಲ ಎತ್ತಿ ಮನೆ ಮುಟ್ಟಿಸುತ್ತಿದ್ದವನು ಅವನೇ. ಒಂದು ಬುದ್ಧಿಮಾತನ್ನಾದರೂ ಹೇಳಿದ್ದರೆ ಜಗಳ ಆಡಬಹುದಿತ್ತು. ಅದೂ ಹೇಳುತ್ತಿರಲಿಲ್ಲ, ಪುಣ್ಯಾತ್ಮ.

*

ಕೋಣೆಯಲ್ಲಿ ಈಗ ಯಾರೂ ಇರಲಿಲ್ಲ. ಇನಾಸ ಬಾಟಲಿಯ ಮುಚ್ಚಳಕ್ಕೆ ಫೆನಿ ಬಗ್ಗಿಸಿದ.

"ತಗಾ ದೋಸ್ತ. ಇನ್ನು ನಿನ್ನ ಯಾರೂ ಕೇಳೂದಿಲ್ಲ," ಎಂದು ತೆರೆದ ಬಾಯಿಯ ಹತ್ತಿರ ತಂದ.

ಟಕ್ಕನೆ ಹಲ್ಲು ಕೂಡಿತು.

ಫೆನಿ ತುಟಿಯ ಮೇಲಿಂದ ಜಾರಿ ದಿಂಬಿಗೆ ಇಳಿಯಿತು. ಇನಾಸ ಹೆಬ್ಬೆರಳಿನಿಂದ ದವಡೆ ಒತ್ತಿದ. ಅಲುಗಲಿಲ್ಲ. ಹಿಂತಿರುಗಿದರೆ ನತಾಲಿನ ನಿಂತಿದ್ದಳು. ಗಂಡನ ಬಾಯಿ ನೋಡಿದಳು, ಇನಾಸನ ಕೈಯ ಮುಚ್ಚಳ ನೋಡಿದಳು, ಸೆರಗಿನಿಂದ ಹೆಣದ ಕೆನ್ನೆ ಒರೆಸಿದಳು.

"ಆತಲ್ಲ, ಇನಾಸಣ್ಣ. ಬೇಡ ಅಂದ್ರು," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಸಂಜೆ ಮಣ್ಣು ಕೊಟ್ಟು ಜನ ಚದುರಿದರು. ಗುಂಡಿ ತೋಡಿದವರು ಉಳಿದ ಫೆನಿ ಹಂಚಿಕೊಂಡು ಇನಾಸನ ಕೈಗೂ ಗ್ಲಾಸು ಕೊಟ್ಟರು. ಗಂಟಲು ಒಣಗಿತ್ತು, ಗಬಕ್ಕನೆ ಎತ್ತಿದ. ಗ್ಲಾಸು ಹಲ್ಲಿಗೆ ತಾಗಿ ನಿಂತಿತು.

"ಕುಡಿಯೋ, ಎಂತ ನೋಡ್ತ್ಯೋ?" ಎಂದ ಒಬ್ಬ.

ಫೆನಿ ಗದ್ದದಿಂದ ಇಳಿದು ಅಂಗಿ ನೆನೆಯಿತು. ಗ್ಲಾಸು ಕೈಯಿಂದ ಬಿತ್ತು. ಇನಾಸ ಹೊಸ ಗೋರಿಯ ಪಕ್ಕ ಕುಕ್ಕರಿಸಿ ಬಗ್ಗಿದ. ದೋಸ್ತನಿಗಾಗಿ ಅಳುತ್ತಿದ್ದಾನೆಂದು ಉಳಿದವರು ದೂರ ಸರಿದರು. ಅವನು ಎರಡೂ ಕೈಗಳಿಂದ ತನ್ನದೇ ದವಡೆ ಹಿಡಿದು ಬಿಡಿಸಲು ಎಳೆಯುತ್ತಿದ್ದ.