ಹಚ್ಚೆಯ ಮೇಲಿನ ಸೀಲು

“ಕೈ ಉದ್ದ ಮಾಡೇ ರಂಡೆ, ನಿಂಗೆ ಬಳೆ ತೊಡ್ಸೂಕೆ ಕರ್ದದ್ದಲ್ಲ!”

ಗೇಟು ಕಾಯುವ ವಿನೋದ ಬೊಮ್ಮಿಯ ಬಲಗೈ ಎಳೆದು ಆ ದಿನದ ತಾರೀಖಿನ ನೇರಳೆ ಸೀಲು ಕುಟ್ಟಿದ. ಅದು ಅವ್ವ ಹೊಯ್ಯಿಸಿದ ಹಚ್ಚೆಯ ಮೇಲೇ ಬಿತ್ತು. ಸತ್ತಾಗ ಜೊತೆಗೆ ಬರುವುದು ಹಚ್ಚೆಯೊಂದೇ ಎಂದಿದ್ದಳು ಅವ್ವ.

ಅವರ್ಸಾದ ಕಡಲದಂಡೆಗೆ ಬಂದರು ಕಟ್ಟುವ ಕಂಪನಿ ಬೇಲಿ ಹಾಕಿ ಎರಡು ತಿಂಗಳಾಗಿತ್ತು. ಕೈಮೇಲೆ ಸೀಲಿಲ್ಲದವಳಿಗೆ ದೋಣಿಯವರು ಮೀನು ಕೊಡುವಂತಿರಲಿಲ್ಲ.

“ನಾಳಿಂದ ಹೆಬ್ಬೆಟ್ಟು ಒತ್ತಿದವ್ರಿಗೆ ಮಾತ್ರ ಸೀಲು,” ವಿನೋದ ಸಾಲಿಗೆಲ್ಲ ಕೇಳುವಂತೆ ಕೂಗಿದ. “ದಂಡೆ ಮೇಲಿನ ಗುಡ್ಸ್ಲು ಬಿಡ್ತೇವೆ ಹೇಳಿ ಕಾಗ್ದ.”

ಹಿಂದೊಮ್ಮೆ ನೌಕಾನೆಲೆಗೆಂದು ಚೆಂಡಿಯಾದ ಮನೆ ಬಿಟ್ಟು ಬಂದವಳಿಗೆ ಉಳಿದದ್ದು ಆ ಗುಡಿಸಲೊಂದೇ.  ಬೊಮ್ಮಿ ಮೀನಿನ ಬುಟ್ಟಿ ಹೊತ್ತು ಕಾರವಾರದ ಬಸ್ಸು ಹತ್ತಿದಳು.

ಅಲ್ಲಿ ವಿಚಾರಗೋಷ್ಠಿ ನಡೆದಿದ್ದ ಸಭಾಭವನದ ಹಿಂದಿನ ಜಗಲಿಯಲ್ಲಿ, ಮಧ್ಯಾಹ್ನದ ಊಟಕ್ಕೆ ಬಂಗಡೆ ಕೊಯ್ದು ಕೊಡುತ್ತ ಕೂತಳು. ತೆರೆದ ಕಿಟಕಿಯಿಂದ ಕಾಲೇಜಿನ ಪ್ರಕಾಶ ಸರ್ ಅವರ ಭಾಷಣ ಕೇಳುತ್ತಿತ್ತು.

“ದ್ವೀಪಕ್ಕೆ ಗಡೀಪಾರಾದ ಯೋಹಾನನೆಂಬ ಕ್ರೈಸ್ತ ಕಂಡ ದರ್ಶನವಿದು. ಸಮುದ್ರದಿಂದ ಒಂದು ಮೃಗ ಏಳುತ್ತದೆ. ಬಲಗೈಗೋ ಹಣೆಗೋ ಅದರ ಗುರುತಿಲ್ಲದವರು ಏನನ್ನೂ ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಆ ಮೃಗವೇ ರೋಮ್ ಸಾಮ್ರಾಜ್ಯ. ಅದರ ಹೆಸರನ್ನೇ ಬರೆದರೆ ತಲೆ ಹೋಗುತ್ತಿತ್ತು, ಅದಕ್ಕೇ ಮೃಗ ಎಂದ.”

ಬೊಮ್ಮಿಯ ಕತ್ತಿ ನಿಂತಿತು. ಕತ್ತಲಾದ ಮೇಲೆ ಹಾವನ್ನು ಹಾವೆನ್ನದೆ ಹುಳ ಎನ್ನುವ ಮನೆಯವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಭಾಷಣ ಮುಗಿಸಿ ಸರ್ ಕೈ ತೊಳೆಯಲು ಜಗಲಿಗೆ ಬಂದರು. ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದರು.

“ಸರ್, ಆ ಗುರ್ತು ಹಾಕ್ಸ್ಕಣದೆ ಇದ್ದವ್ರು ಎಂತಾ ಆದ್ರು?”

“ಓ, ನೀನೂ ಕೇಳಿಸ್ಕೊಂಡ್ಯಾ?” ಸರ್ ನಕ್ಕರು. “ಕೆಲವರು ಸತ್ತರು. ಅದನ್ನೆಲ್ಲ ಸಂಕೇತ ಅಂತ ಓದಬೇಕು.”

“ಸತ್ತದ್ದೂ ಸಂಕೇತವಾ ಸರ್?”

ಅವರ ನಗು ಆರಿತು. ಬೊಮ್ಮಿ ಲೋಳೆ ಹತ್ತಿದ ಬಲಗೈ ಚಾಚಿದಳು. “ಇದೂ ಮೀನು ಮಾರೂಕೇ ಹಾಕಿದ್ದು.”

ಸರ್ ಸೀಲನ್ನು ಒಂದು ಗಳಿಗೆ ನೋಡಿದರು. “ಅದು ಬೇರೆ, ಇದು ಬೇರೆ. ಎರಡು ಸಾವಿರ ವರ್ಷದ ಹಿಂದಿನ ಮಾತದು.” ಆಮೇಲೆ ಅಡುಗೆಯವನನ್ನು ಕೂಗಿದರು. “ಮಾಬ್ಲಾ, ಇವಳನ್ನ ಆಚೆ ಕೂರಿಸು ಮಾರಾಯಾ. ಒಳಗೆಲ್ಲ ವಾಸನೆ.”

ಕಿಟಕಿ ಮುಚ್ಚಿತು.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ವಿನೋದ ಅವಳ ಕೈ ಎಳೆದವನು ಥಟ್ಟನೆ ಬಿಟ್ಟ. ಮುಂಗೈಯ ಚರ್ಮ ಸುಲಿದು ಕೆಂಪಾಗಿತ್ತು. ತೊಳೆದರೆ ಹೋಗದ ಶಾಯಿಯನ್ನು ಅವಳು ಒಡೆದ ಕಪ್ಪೆಚಿಪ್ಪಿನಿಂದ ಕೆರೆದಿದ್ದಳು. ಹಚ್ಚೆಯೂ ಹೋಗಿತ್ತು.

“ಥೂ! ಎಂತದೇ ಇದು?”

“ಸೀಲು ತೆಗ್ದೆ.”

“ಹೆಬ್ಬೆಟ್ಟು ಒತ್ತು ಮೊದ್ಲು.”

“ಒತ್ತೂದಿಲ್ಲ.”

“ಹಾಗಾರೆ ಮೀನು ನಿನ್ನಪ್ಪ ಕೊಡ್ತ್ನಾ?”

“ಬೀರ ಕೊಡ್ತ.”

ಅವಳು ಅವನನ್ನು ದಾಟಿ ದೋಣಿಯತ್ತ ನಡೆದಳು. ಇಪ್ಪತ್ತು ವರ್ಷಗಳಿಂದ ಬೀರನ ದೋಣಿಯ ದಿನದ ಬೋಣಿ ಅವಳದೇ.

“ಬೀರಾ, ಒಂದೇ ಒಂದು ಬಂಗ್ಡೆ ಕೊಟ್ರೂ ನಾಳಿಂದ ನಿನ್ ದೋಣಿ ಇಲ್ಲಿ ದಡ ಹತ್ತೂದಿಲ್ಲ, ಬೋಳಿಮಗ್ನೇ!” ವಿನೋದ ಹಿಂದಿನಿಂದ ಅರಚಿದ.

ಬೀರ ಮೀನಿನ ಬುಟ್ಟಿ ಎತ್ತಿಕೊಂಡೇ ನಿಂತುಬಿಟ್ಟ. ಅವನ ಮುಂಗೈ ಮೇಲೂ ನೇರಳೆ ಸೀಲಿತ್ತು. ಸಾಲಿನವರೆಲ್ಲ ಅವನನ್ನೇ ನೋಡುತ್ತಿದ್ದರು. ಅವನು ಮರಳು ನೋಡಿದ.

“ಬೋಣಿ ಮಾಡೋ ತಮ್ಮಾ.”

ಬೊಮ್ಮಿ ಖಾಲಿ ಬುಟ್ಟಿ ಚಾಚಿ ನಿಂತಳು.  ಗಾಯದ ರಕ್ತ ಬುಟ್ಟಿಯ ತಳಕ್ಕೆ ತೊಟ್ಟಿಕ್ಕುತ್ತಿತ್ತು. ಬುಟ್ಟಿಯನ್ನು ಅವಳು ಇಳಿಸಲಿಲ್ಲ.